ಮಾತ್ರೆ ಮುಗಿದರೆ ಚಿಕಿತ್ಸೆ ಮುಗಿಯಿತೇ?

ಪರೀಕ್ಷೆ ಬರೆದ ವಿದ್ಯಾರ್ಥಿ ಫಲಿತಾಂಶದ ದಿನ ಶಾಲೆಯ ಕಡೆಗೆ ತಲೆ ಹಾಕದಿದ್ದರೆ ಏನೆನ್ನಬೇಕು? ಹೆಪಟೈಟಿಸ್ ಸಿ ರೋಗಕ್ಕೆ ಮಾತ್ರೆ ನುಂಗಿ, ಕೊನೆಯ ರಕ್ತಪರೀಕ್ಷೆಗೆ ಹೋಗದವರ ವಿಷಯದಲ್ಲಿ ನಿವೃತ್ತ ಶಿಕ್ಷಕನಾದ ನನಗೆ ಈ ಹೋಲಿಕೆಯೇ ತೋಚುತ್ತದೆ.

1989ರಲ್ಲಿ ಗುರುತಿಸಲಾದ ಈ ವೈರಾಣು ರಕ್ತದಿಂದ ರಕ್ತಕ್ಕೆ ಹರಡುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಯಕೃತ್ತನ್ನು ಕೆಡಿಸುತ್ತದೆ. ಹಿಂದೆ ಇದಕ್ಕೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಿತ್ತು; ಜ್ವರ, ನಿಶ್ಶಕ್ತಿಗಳು ಬೆನ್ನು ಹತ್ತುತ್ತಿದ್ದವು. ಈಗ ಬಹುಪಾಲು ರೋಗಿಗಳಿಗೆ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು 12 ವಾರ ಸಾಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ತಪಾಸಣೆಯೂ ಔಷಧಿಯೂ ಉಚಿತ.

ಆದರೆ ಗುಣವಾಯಿತೆಂದು ಹೇಳುವುದು ಕೊನೆಯ ಮಾತ್ರೆಯಲ್ಲ. ಅದು ಮುಗಿದು 12 ವಾರಗಳಾದ ಮೇಲೆ ರಕ್ತದಲ್ಲಿ ವೈರಾಣುವಿನ ಆರ್‌ಎನ್‌ಎ ಕಾಣದಿದ್ದರೆ ಮಾತ್ರ ಗುಣವಾದಂತೆ. ಔಷಧಿಯ ಬಲದಿಂದ ಅಡಗಿದ ವೈರಾಣು, ಔಷಧಿ ನಿಂತ ಮೇಲೆ ಮರಳಬಹುದು. ಅದಕ್ಕಾಗಿಯೇ ಈ ಕಾಯುವಿಕೆ. ಇಲ್ಲಿ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಪ್ರತಿಕಾಯದ ಪರೀಕ್ಷೆ, ರೋಗ ಗುಣವಾದ ಬಳಿಕವೂ ಬಹುಕಾಲ ‘ಪಾಸಿಟಿವ್’ ಎಂದೇ ತೋರಿಸಿ ವೃಥಾ ಗಾಬರಿಪಡಿಸುತ್ತದೆ.

ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುವಾಗ ಬಡವನ ಒಂದು ದಿನದ ಕೂಲಿ ಏಕೆ ಕಳೆಯಬೇಕೆಂದು ಕೇಳುವವರುಂಟು. ಉಳಿದ ಕೆಲವರಿಗೆ ಬೇರೆ ಔಷಧಿಯ ಜೋಡಣೆಯಿಂದ ಮರುಚಿಕಿತ್ಸೆ ಸಾಧ್ಯ. ಆದರೆ ತಾನು ಆ ಕೆಲವರಲ್ಲಿ ಒಬ್ಬನೆಂಬುದು ಆತನಿಗೆ ತಿಳಿಯಬೇಕಲ್ಲವೇ? ತಿಳಿಯದಿದ್ದರೆ ಯಕೃತ್ತು ಗಂಟುಗಟ್ಟಿ, ಕ್ಯಾನ್ಸರಿನವರೆಗೂ ಹೋಗಬಹುದು. ಮೊದಲೇ ಸಿರೋಸಿಸ್ ಆಗಿದ್ದವರಂತೂ ಗುಣವಾದ ಬಳಿಕವೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.

ನಮ್ಮ ಸೀಮೆಯ ಕಷ್ಟ ನನಗೆ ಗೊತ್ತು. ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಸುಗ್ಗಿ ಬಂದರೆ ಕೂಲಿಕಾರರಿಗೆ ಬಿಡುವಿಲ್ಲ. ಲಿಂಗಸುಗೂರು, ಮಸ್ಕಿ ಕಡೆಯವರು ಬೆಂಗಳೂರಿಗೆ ಗುಳೆ ಹೋದರೆ 12 ವಾರಗಳ ಲೆಕ್ಕ ಯಾರಿಗೆ ನೆನಪು? ಮೈ ಹಗುರವೆನಿಸಿದ ಮೇಲೆ ರಾಯಚೂರಿನ ಬಸ್ಸು ಹತ್ತಲು ಮನಸ್ಸೂ ಬಾರದು. ಆದುದರಿಂದ ರೋಗಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಕೊನೆಯ ಮಾತ್ರೆ ಕೊಡುವ ದಿನವೇ ಚೀಟಿಯಲ್ಲಿ ಪರೀಕ್ಷೆಯ ತಾರೀಖನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಡಲಿ. ಆಶಾ ಕಾರ್ಯಕರ್ತೆ ನೆನಪಿಸಲಿ. ರಕ್ತವನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಿ. ರೋಗಿ ಪ್ರಯಾಣ ಮಾಡುವುದಕ್ಕಿಂತ ರಕ್ತದ ಶೀಷೆ ಪ್ರಯಾಣ ಮಾಡುವುದು ಸುಲಭ.