ಹಳೆಯ ಗಾಡಿಗೆ ಎಂಥ ಚಕ್ರ?

ಪುರಾತನ ವಸ್ತುಗಳ ರಕ್ಷಣೆ ಎಂದೊಡನೆ ನಮ್ಮ ಮನಸ್ಸು ಬೇಲೂರಿಗೋ ಹಳೇಬೀಡಿಗೋ ಓಡುತ್ತದೆ. ಅದು ಸಹಜ. ಚಿಕ್ಕಮಗಳೂರಿನಲ್ಲಿ ಓದುವ ನಮಗೆ ಹೊಯ್ಸಳರ ಶಿಲ್ಪಕಲೆ ಬಸ್ಸು ಹತ್ತಿ ಹೋಗಿ ಸಂಜೆಗೆ ಹಿಂದಿರುಗುವಷ್ಟು ಹತ್ತಿರದಲ್ಲಿದೆ. ಆದರೆ ನಮ್ಮ ಅಜ್ಜಂದಿರ ಕಾಲದವರು ಏರಿ ಓಡಾಡಿ, ಕೊನೆಗೆ ಕೊಟ್ಟಿಗೆಯ ಮೂಲೆಗೆ ಸರಿಸಿಟ್ಟ ಮೋಟಾರ್ ಸೈಕಲ್ಲೂ ಚರಿತ್ರೆಯ ವಸ್ತುವೇ ಎಂದರೆ ನಗುವವರು ಹೆಚ್ಚು. ಅದರ ಚಕ್ರದ ವಿಚಾರವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆದರಂತೂ, ‘ಇದು ಪಾಲಿಟೆಕ್ನಿಕ್ಕಿನವರ ಕೆಲಸವಲ್ಲವೇ?’ ಎಂದು ಕೇಳುವವರೂ ಉಂಟು. ಇದು ಬಿ.ಎ. ತರಗತಿಯವರ ಕೆಲಸವೂ ಹೌದು ಎಂಬುದೇ ನನ್ನ ವಾದ.

ಈಚಿನ ವರ್ಷಗಳಲ್ಲಿ ಮೂಡಿಗೆರೆ, ಕಳಸ, ಆಲ್ದೂರು ಕಡೆಯ ಕಾಫಿ ಸೀಮೆಯಲ್ಲಿ ಹಳೆಯ ಗಾಡಿಗಳಿಗೆ ಹೊಸ ಮರ್ಯಾದೆ ಬಂದಿದೆ. ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗಬೇಕಾಗಿದ್ದವು ಹೋಂಸ್ಟೇಗಳ ಜಗಲಿ ಏರಿ ನಿಂತಿವೆ. ಇದು ಸಂತೋಷದ ಸಂಗತಿ. ಆದರೆ ಬಣ್ಣ ಬಳಿದು, ಟಾಂಕಿಗೆ ಹೊಳಪು ಕೊಟ್ಟು, ಸುಲಭವಾಗಿ ಸಿಕ್ಕಿದ ಯಾವುದೋ ಚಕ್ರ ತೊಡಿಸಿ, ‘ಇದು ಅಸಲಿ, ಅಂದಿನದು ಅಂದಿನಂತೆಯೇ ಇದೆ’ ಎಂದು ಹೇಳುವ ಅಭ್ಯಾಸವೂ ಜೊತೆಗೇ ಬೆಳೆದಿದೆ. ಬಣ್ಣದ ತಪ್ಪು ಕಣ್ಣಿಗೆ ಮಾತ್ರ ತಪ್ಪು. ಚಕ್ರದ ತಪ್ಪು ಚರಿತ್ರೆಗೂ ತಪ್ಪು, ಸವಾರನ ಪ್ರಾಣಕ್ಕೂ ಅಪಾಯ.

ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜೆಕೊಸ್ಲೊವಾಕಿಯದ ಜಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ತಯಾರಿಕೆಯ ಹಕ್ಕು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ‘ಜಾವಾ’ ಎಂದು ಹೆಸರಿಟ್ಟರು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. 1961ರಿಂದ ಅಲ್ಲಿನ ಯಾದವಗಿರಿಯ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. 1973ರಿಂದ ಅವುಗಳ ಹೆಸರು ‘ಯೆಜ್ಡಿ’ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಬೇರೊಂದು ಕಂಪನಿಯಿಂದ ಮತ್ತೆ ಪೇಟೆಗೆ ಬಂದವು. ಆದರೆ ಅವು ಹೊಸ ಕಾಲದ ಗಾಡಿಗಳು. ಹಳೆಯದರ ಬಿಡಿಭಾಗಗಳಿಗೆ ಮೂಲವಾಗಿದ್ದ ಕಾರ್ಖಾನೆ ಈಗಿಲ್ಲ.

ಈಗ ಚಕ್ರಕ್ಕೆ ಬರೋಣ. 1946ರ ಪೆರಾಕ್ ಎಂಬ ಜಾವಾಕ್ಕೆ 19 ಅಂಗುಲದ ಚಕ್ರ. 1954ರಲ್ಲಿ ಬಂದು, ಮುಂದೆ ಮೈಸೂರಿನ ಗಾಡಿಗೆ ಮಾದರಿಯಾದ 250 ಸಿ.ಸಿ. ಜಾವಾಕ್ಕೆ 16 ಅಂಗುಲದ ಚಕ್ರ. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್‌ಗೆ 18 ಅಂಗುಲದ ಚಕ್ರ. ಮದ್ರಾಸಿನ ಬುಲೆಟ್ಟಿಗೋ 19. ಅಂಗುಲದ ಈ ಅಂಕಿಗಳು ಒಂದೊಂದು ಕಾಲದ ಮುದ್ರೆಗಳು. ಶಾಸನದ ಲಿಪಿಯನ್ನು ನೋಡಿ ಶತಮಾನ ಹೇಳುವಂತೆ ಚಕ್ರದ ಅಳತೆಯನ್ನು ನೋಡಿ ಗಾಡಿಯ ಪೀಳಿಗೆ ಹೇಳಬಹುದು.

18 ಅಂಗುಲದ ರಿಮ್ಮೂ ಟೈರೂ ಇಂದಿನ ಸಾಮಾನ್ಯ ಗಾಡಿಗಳಿಗೂ ಬಳಕೆಯಾಗುವುದರಿಂದ ಎಲ್ಲ ಊರಿನಲ್ಲಿಯೂ ಸಿಗುತ್ತವೆ. 16 ಅಂಗುಲದ್ದನ್ನು ಹುಡುಕಬೇಕು. ಆದ್ದರಿಂದ 1960ರ ದಶಕದ ಜಾವಾಕ್ಕೆ ದೊಡ್ಡ ಚಕ್ರ ತೊಡಿಸುವವರಿದ್ದಾರೆ. ಪರಿಣಾಮವೇನು? ವ್ಯಾಸ 2 ಅಂಗುಲ ಹೆಚ್ಚಿದರೆ ಚಕ್ರದ ಅಚ್ಚು 1 ಅಂಗುಲ ಮೇಲೇರುತ್ತದೆ. ಆ ಆಳವಾದ ಮಡ್‌ಗಾರ್ಡಿಗೆ ಟೈರು ಒತ್ತಿಕೊಳ್ಳುತ್ತದೆ. ಹಿಂದಿನ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಉರುಳುವುದರಿಂದ ಏರಿನಲ್ಲಿ ಎಂಜಿನ್ನು ಏದುಸಿರು ಬಿಡುತ್ತದೆ. ಬಯಲುಸೀಮೆಯಲ್ಲಿ ಇದು ಅಷ್ಟಾಗಿ ತಿಳಿಯದು. ನಮ್ಮ ಗಿರಿಯ ದಾರಿಯಲ್ಲಿ ಮೊದಲ ತಿರುವಿಗೇ ತಿಳಿಯುತ್ತದೆ.

ಅಳತೆಯೊಂದು ಸರಿಯಾದರೆ ಸಾಲದು. ಸ್ಪೋಕುಗಳನ್ನು ಎಣಿಸಬೇಕು, ಜಾವಾಕ್ಕೆ 36. ರಿಮ್ಮಿನ ಪ್ರತಿ ತೂತಿನ ಸುತ್ತ ಸಣ್ಣದೊಂದು ಗುಳಿಯಿರುತ್ತದೆ. ನಿಪ್ಪಲ್ಲು ಯಾವ ದಿಕ್ಕಿಗೆ ಓರೆಯಾಗಿ ಕೂರಬೇಕೆಂಬುದನ್ನು ಆ ಗುಳಿ ನಿರ್ಧರಿಸುತ್ತದೆ. ಸಪೂರ ಹಬ್ಬಿಗಾಗಿ ಕೊರೆದ ರಿಮ್ಮನ್ನು ಜಾವಾದ ಅಗಲವಾದ ಹಬ್ಬಿಗೆ ಕಟ್ಟಿದರೆ ಸ್ಪೋಕು ನಿಪ್ಪಲ್ಲಿನ ಬುಡದಲ್ಲಿ ಬಾಗಿ ನಿಲ್ಲುತ್ತದೆ. ಬಾಗಿದ್ದು ಒಂದು ದಿನ ಮುರಿಯುತ್ತದೆ.

ಇಷ್ಟನ್ನೂ ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಂದೆಯವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಮೂಡಿಗೆರೆ ತಾಲ್ಲೂಕಿನಲ್ಲಿ ಸೈಕಲ್ ಷಾಪ್ ಇಟ್ಟು, ಮೋಟಾರ್ ಸೈಕಲ್ ರಿಪೇರಿಯನ್ನೂ ಮಾಡುತ್ತ ನಮ್ಮನ್ನು ಸಾಕಿದವರು. ಚಕ್ರವನ್ನು ತಿರುಗಬಿಟ್ಟು, ಸೀಮೆಸುಣ್ಣದ ತುಂಡನ್ನು ರಿಮ್ಮಿಗೆ ತಾಗಿಯೂ ತಾಗದಂತೆ ಹಿಡಿದು, ಗೆರೆ ಬಿದ್ದ ಕಡೆ ಬೆಂಡು ತೆಗೆಯುತ್ತಾರೆ. ಸ್ಪೋಕನ್ನು ಬೆರಳಿನಿಂದ ಮೀಟಿ, ಸದ್ದು ಮಂಕಾಗಿದ್ದರೆ ಸಡಿಲವೆನ್ನುತ್ತಾರೆ. ಈ ವಿದ್ಯೆಗೆ ಪದವಿಯಿಲ್ಲ, ಪರೀಕ್ಷೆಯಿಲ್ಲ.

ಕಳೆದ ವರ್ಷ ಕಳಸದ ಕಡೆಯ ಮನೆಯೊಂದರಿಂದ 1967ನೆಯ ಇಸವಿಯ ಜಾವಾ ಒಂದು ಅವರ ಕೈಗೆ ಬಂತು. ತೋಟದ ರೈಟರಾಗಿದ್ದವರ ಗಾಡಿ. ಅವರ ಮೊಮ್ಮಗನಿಗೆ ಅದನ್ನು ಓಡಿಸಬೇಕೆಂಬ ಆಸೆ. ದೊಡ್ಡ ಪಟ್ಟಣದ ವ್ಯಾಪಾರಿಯೊಬ್ಬರಿಂದ ‘ಅಸಲಿ ಮೈಸೂರು ರಿಮ್ಮು’ ಎಂದು ದುಬಾರಿ ಬೆಲೆ ಕೊಟ್ಟು ಆತ ಜೋಡಿ ರಿಮ್ಮು ತಂದಿದ್ದ. ಹೊರಗೆ ಕನ್ನಡಿಯಂಥ ಕ್ರೋಮಿಯಂ. ತಂದೆಯವರು ಒಳಗಿನ ರಬ್ಬರ್ ಪಟ್ಟಿ ಸರಿಸಿ, ಸ್ಪೋಕಿನ ತುದಿಯಿಂದ ಒತ್ತಿದರು. ತುದಿ ತೂರಿ ಆಚೆ ಬಂತು. ಮಲೆನಾಡಿನ ಮಳೆಯ ನೀರು ಸ್ಪೋಕಿನ ತೂತುಗಳಿಂದ ಇಳಿದು ಪಟ್ಟಿಯ ಅಡಿಯಲ್ಲಿ ನಿಲ್ಲುತ್ತದೆ. ತುಕ್ಕು ಒಳಗಿನಿಂದಲೇ ಹಿಡಿಯುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಬೇರೆ ಸಿಕ್ಕಿಲ್ಲ. ‘ಇದನ್ನ ಹಾಕ್ಕೊಂಡು ಚಾರ್ಮಾಡಿ ಇಳಿದ್ರೆ ಗಾಡಿ ಬರತ್ತೆ, ನೀ ಬರಲ್ಲ ಮಾರಾಯ’ ಎಂದಷ್ಟೇ ಅವನಿಗೆ ಹೇಳಿದರು. ಕಡೆಗೆ ಗಾಡಿಯದೇ ಹಿಂದಿನ ರಿಮ್ಮನ್ನು ತುಕ್ಕು ಕೆರೆದು ನೋಡಿದಾಗ ಗಟ್ಟಿಯಾಗಿತ್ತು, ಅದನ್ನೇ ಉಳಿಸಿದರು. ಮುಂದಿನದಕ್ಕೆ ಸರಿಯಾದ ಅಳತೆಯ, ಸರಿಯಾದ ಓರೆಯ ಹೊಸ ರಿಮ್ಮು ಸಿಗಲು ನಾಲ್ಕು ತಿಂಗಳು ಹಿಡಿಯಿತು. ಅದನ್ನು ಕಟ್ಟಿ, ರಬ್ಬರ್ ಪಟ್ಟಿಯ ಕೆಳಗೆ ಬಣ್ಣದಲ್ಲಿ ಇಸವಿ ಬರೆದರು.

ಆ ಇಸವಿ ಬರೆದದ್ದೇ ನನ್ನ ಅಭಿಪ್ರಾಯಕ್ಕೆ ಆಧಾರ. ಹಳೆಯದೆಲ್ಲ ಅಸಲಿಯಲ್ಲ, ಹೊಸದೆಲ್ಲ ಖೋಟಾ ಅಲ್ಲ. ಮಾದರಿಗೆ ಹೊಂದುವ ಹೊಸ ರಿಮ್ಮು, ತಾನು ಹೊಸದೆಂದು ಒಪ್ಪಿಕೊಂಡರೆ, ಸತ್ಯವಂತ ರಿಮ್ಮು. ಬೇರೆ ಪೀಳಿಗೆಯ ಹಳೆಯ ರಿಮ್ಮು, 1967ರದೆಂದು ಹೇಳಿಕೊಂಡು ನಿಂತರೆ, ಎಷ್ಟೇ ಹಳೆಯದಾದರೂ ಸುಳ್ಳು. ಪ್ರಾಚೀನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಬದಲಿಸಿದ ಭಾಗಗಳಿಗೆ ಗುರುತು ಹಾಕಬೇಕೆಂದು ಹೇಳುತ್ತದೆ. ಆ ಸನ್ನದಿನ ಹೆಸರನ್ನೇ ಕೇಳದ ನಮ್ಮ ತಂದೆಯವರು ತಮ್ಮ ಮನಸ್ಸಾಕ್ಷಿಯಿಂದಲೇ ಅದನ್ನು ಪಾಲಿಸಿದರು.

ನಮ್ಮ ಸರ್ಕಾರದ ನಿಯಮವೂ ಒಂದುಂಟು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದಿರುವ ವಾಹನ ‘ವಿಂಟೇಜ್’ ಎನಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಜಾವಾ ಹೆಸರಿನಲ್ಲಿ 1973ಕ್ಕೆ ಮೊದಲು ಮೈಸೂರಿನಿಂದ ಹೊರಟ ಗಾಡಿಗಳೆಲ್ಲ ಈಗ ಈ ವಯಸ್ಸಿಗೆ ಬಂದಿವೆ. ಆದರೆ ಮೂಲ ರೂಪವೆಂದರೇನು ಎಂಬುದನ್ನು ಚಕ್ರದವರೆಗೆ ಇಳಿದು ನೋಡಬೇಕಾದವರು ನಾವೇ. ಕಾಗದಪತ್ರದಿಂದ ಮಾತ್ರ ಅದು ಆಗುವ ಕೆಲಸವಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಆ ಕಾಲದ ಸವಾರರೇ ಸಿಕ್ಕಿದ ಚಕ್ರ ಹಾಕಿಕೊಂಡು ಓಡಿಸಲಿಲ್ಲವೇ? ಬಡವನ ರಿಪೇರಿಯೂ ಚರಿತ್ರೆಯಲ್ಲವೇ?’ ಎಂದು. ಇದು ತೂಕದ ಮಾತು, ನಾನು ತಳ್ಳಿಹಾಕುವುದಿಲ್ಲ. ತೋಟದ ಕೆಲಸ ನಿಲ್ಲಬಾರದೆಂದು ಮೂವತ್ತು ವರ್ಷದ ಹಿಂದೆ ಯಾರೋ ಬೇರೆ ಚಕ್ರ ಕಟ್ಟಿದ್ದರೆ, ಅದು ಗಟ್ಟಿಯಾಗಿದ್ದು ಗಾಡಿಗೆ ಹೊಂದುತ್ತಿದ್ದರೆ, ಅದನ್ನು ಹಾಗೆಯೇ ಉಳಿಸಲಿ. ಯಾವಾಗ, ಏಕೆ ಕಟ್ಟಿದರೆಂದು ಬರೆದಿಡಲಿ. ನನ್ನ ತಕರಾರು ಬದಲಾವಣೆಯ ಮೇಲಲ್ಲ, ಬದಲಾವಣೆಯನ್ನು ಮರೆಮಾಚುವುದರ ಮೇಲೆ. ಇತಿಹಾಸದ ಅಧ್ಯಾಪಕರು ತಾಮ್ರಪಟಗಳ ವಿಷಯದಲ್ಲಿ ನಮಗೆ ಕಲಿಸಿದ್ದೂ ಇದೇ ಅಲ್ಲವೇ? ಕೂಟ ಶಾಸನವೂ ತಾನು ಬರೆಯಲ್ಪಟ್ಟ ಕಾಲದ ಬಗ್ಗೆ ನಿಜ ಹೇಳುತ್ತದೆ. ಅದನ್ನು ಅಸಲಿಯೆಂದು ಓದಿದಾಗಲೇ ಮೋಸ ಹೋಗುತ್ತೇವೆ.

ಇನ್ನು ಬೆಲೆಬಾಳುವ ಮಾತೊಂದಿದೆ. ರಿಮ್ಮನ್ನು ಮತ್ತೆ ತಯಾರಿಸಬಹುದು. ಅದನ್ನು ಅಂದಿನ ರೀತಿಯಲ್ಲಿ ಕಟ್ಟುವ ಕೈಯನ್ನು ತಯಾರಿಸುವುದು ಸುಲಭವಲ್ಲ. ತಂದೆಯವರಿಗೆ ಈಗ ಸಂಜೆಯ ಬೆಳಕಿನಲ್ಲಿ ಸೀಮೆಸುಣ್ಣದ ಗೆರೆ ಸರಿಯಾಗಿ ಕಾಣುವುದಿಲ್ಲ. ಅವರ ಅಂಗಡಿಯಲ್ಲಿ ಕೆಲಸ ಕಲಿಯಲು ಹುಡುಗರಿಲ್ಲ. ಮಗನನ್ನು ಓದಿಸಿದ್ದು ಮಗ ಸ್ಪ್ಯಾನರ್ ಹಿಡಿಯಬಾರದೆಂದೇ. ನನ್ನಂತೆ ಮನೆಗೆ ಮೊದಲ ಪದವೀಧರರಾಗಲಿರುವವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಮ್ಮ ಹಿರಿಯರಲ್ಲಿ ಒಬ್ಬರು ಬಡಗಿ, ಒಬ್ಬರು ಕಮ್ಮಾರರು, ಒಬ್ಬರು ಕಾಫಿ ಕಸಿಯ ಕೈಚಳಕ ಬಲ್ಲವರು. ನಾವು ಪದವಿ ಪಡೆಯುವ ಗಳಿಗೆಯಲ್ಲೇ ಆ ವಿದ್ಯೆಗಳು ವಾರಸುದಾರರಿಲ್ಲದೆ ನಿಲ್ಲುತ್ತಿವೆ. ಕೈಯಿಂದ ಕಲಿಯಲಾಗದಿದ್ದರೆ ಕಲಿತ ಅಕ್ಷರದಿಂದಲಾದರೂ ಅವನ್ನು ಹಿಡಿದಿಡುವುದು ನಮ್ಮ ಮೇಲಿನ ಋಣ.

ಆದುದರಿಂದ ಸಹಪಾಠಿಗಳಲ್ಲಿಯೂ ಅಧ್ಯಾಪಕ ವರ್ಗದವರಲ್ಲಿಯೂ ನನ್ನ ವಿನಂತಿ ಇಷ್ಟು. ಮನೆಯ ಹಳೆಯ ಗಾಡಿಯನ್ನು ಬಿಚ್ಚುವ ಮುನ್ನ ಅದರ ಚಿತ್ರ ತೆಗೆಯಿರಿ. ಚಕ್ರದ ಅಳತೆ, ಸ್ಪೋಕಿನ ಲೆಕ್ಕ, ರಿಮ್ಮಿನ ಮೇಲಿನ ಮುದ್ರೆ ಬರೆದುಕೊಳ್ಳಿರಿ. ಕೆಟ್ಟ ರಿಮ್ಮನ್ನೂ ಒಡನೆಯೇ ಗುಜರಿಗೆ ಹಾಕಬೇಡಿ. ಹೊಸದನ್ನು ಕೊರೆಯುವವನಿಗೆ ಅದೇ ಮಾದರಿ. ಹಾಕಿದ ಹೊಸದಕ್ಕೆ ಇಸವಿ ಬರೆಯಿರಿ. ನಮ್ಮ ಇತಿಹಾಸ ಸಂಘದವರು ಮುಂದಿನ ವರ್ಷ ಒಂದು ದಪ್ಪ ನೋಟ್ ಪುಸ್ತಕ ಕೊಂಡು, ಜಿಲ್ಲೆಯ ಹಳೆಯ ಮೆಕ್ಯಾನಿಕ್ಕುಗಳ ಮುಂದೆ ಕುಳಿತು ಅವರು ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳಲಿ. ನಾನು ಈ ವರ್ಷ ಕಾಲೇಜು ಬಿಡುತ್ತೇನೆ. ಆದರೆ ಆ ಪುಸ್ತಕದ ಮೊದಲ ಹತ್ತು ಪುಟಗಳನ್ನು ತುಂಬಿಸಿಕೊಡುವ ಹೊಣೆ ನನ್ನದು.