ಬಣ್ಣವಿಲ್ಲದ ಪಿಸ್ತಾ

ಇಟಲಿಯ ಟೂರಿನ್ ನಗರದಲ್ಲಿ ಓದುತ್ತಿರುವ ನನ್ನ ಮಗಳು ಸಂಜೆಯ ಹೊತ್ತು ಚಾಕೊಲೇಟು, ಜೆಲಾಟೋ ಮಾರುವ ಅಂಗಡಿಯೊಂದರಲ್ಲಿ ದುಡಿಯುವಳೆಂಬ ಸಂಗತಿಯನ್ನು ಬಂಗಾರಪೇಟೆಯ ನಂಟರಿಗೆ ನಾನು ತಿಳಿಸಿರಲಿಲ್ಲ. ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ದುಡಿಯಲು ಅಲ್ಲಿನ ಕಾನೂನೇ ಒಪ್ಪುತ್ತದೆ. ಒಪ್ಪದಿದ್ದುದು ನನ್ನ ಮನಸ್ಸು.

ಕಳೆದ ಅಕ್ಟೋಬರಿನಲ್ಲಿ ಆ ಅಂಗಡಿಗೇ ಹೋದೆನು. ಪಿಸ್ತಾ ಜೆಲಾಟೋ ಕೇಳಿದರೆ ಮಾಸಿದ ಹಸುರಿನದೊಂದು ಮುದ್ದೆಯನ್ನು ಮಗಳು ಮುಂದಿಟ್ಟಳು.

“ಬಣ್ಣವೇ ಇಲ್ಲವಲ್ಲಮ್ಮಾ?”

“ನಮ್ಮೂರ ಪಾನಿಪೂರಿಯ ನೀರಿಗೆ ಬಣ್ಣವಿದೆಯೇ, ಅಪ್ಪಾ?”

ತಿಂದ ವಾಚಕರು ಬಲ್ಲರು: ಬಂಗಾರಪೇಟೆಯ ಪಾನಿ ಕಾಣುವುದು ತಿಳಿನೀರಿನಂತೆ, ಕಣ್ಣೀರು ಬರುವುದು ಆಮೇಲೆ! ಇಲ್ಲಿಯೂ ಹಾಗೆಯೇ. ಹುರಿದ ಪಿಸ್ತಾವನ್ನಷ್ಟೇ ಅರೆದರೆ ಗಿಳಿಹಸುರು ಬಾರದು. ಜೆಲಾಟೋವಿನಲ್ಲಿ ಐಸ್‌ಕ್ರೀಮಿಗಿಂತ ಕೆನೆ ಕಡಿಮೆ, ಹಾಲು ಹೆಚ್ಚು. ಕಡೆಯುವಾಗ ಗಾಳಿಯೂ ಅಷ್ಟಾಗಿ ಸೇರದು. ತಂಪು ತುಸು ಕಡಿಮೆಯಿರುವುದರಿಂದ ರುಚಿ ಬೇಗ ನಾಲಗೆಗೆ ಹತ್ತುತ್ತದೆ.

ಬಳಿಕ ಮಗುಚಿದ ದೋಣಿಯಂತಹ ಜಾಂಡುಯೊತ್ತೊ ಚಾಕೊಲೇಟುಗಳನ್ನು ಕಟ್ಟಿಕೊಟ್ಟಳು. ಕೊಕ್ಕೋ ದುರ್ಲಭವಾಗಿದ್ದ ಕಾಲದಲ್ಲಿ ಸುತ್ತಲಿನ ಹೇಜಲ್ ಬೀಜವನ್ನು ಅರೆದು ಬೆರೆಸಿ ಕಲಿತ ವಿದ್ಯೆ. 1865ರಿಂದ ಅದು ಆ ಊರಿನ ಹೆಮ್ಮೆ. ಹಣ ಕೊಡಹೋದರೆ, “ನನ್ನ ಸಂಬಳದಲ್ಲಿ” ಎಂದಳು.

ಊರಿಗೆ ಮರಳಿ ಅವನ್ನು ಹಂಚಿದಾಗ ನಂಟರು ಎಲ್ಲಿಯದೆಂದು ಕೇಳಿದರು. ಮಗಳು ದುಡಿಯುವ ಅಂಗಡಿಯದು ಎಂದೆನು.