ಮುಲಾಮು ಸಾಲದು, ನೆಲವೂ ಒಣಗಬೇಕು

ಮಧುರವಾಡದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ, ಕುಂದಾಪುರದ ಕಡೆಯ ತರುಣನೊಬ್ಬ ಒಂದು ತಿಂಗಳಿಂದ ಕುಂಟುತ್ತಿದ್ದಾನೆ. ಕಾಲ್ಬೆರಳ ಸಂದುಗಳು ಬೆಳ್ಳಗೆ ಕೊಳೆತು ಸೀಳಿವೆ. ರಜೆ ಕೇಳಿದರೆ “ಕೆಸರುಹುಣ್ಣಿಗೂ ರಜೆಯೇ? ಮುಲಾಮು ಹಚ್ಚಿಕೋ” ಎಂದರಂತೆ ಯಜಮಾನರು. ಹಚ್ಚಿಕೊಂಡ. ಮೂರನೆಯ ದಿನಕ್ಕೆ ನವೆ ನಿಂತಿತು; ಮೂರನೆಯ ವಾರಕ್ಕೆ ರೋಗ ಪಾದದ ಮೇಲಕ್ಕೆ ಹಬ್ಬಿತು.

ಇದೇನು ಮಹಾ ವಿಷಯವೆಂದು ಮೂಗು ಮುರಿಯುವವರಿಗೆ ನಾವು ಹೇಳುವುದಿಷ್ಟೆ: ದಿನವಿಡೀ ನಿಂತು ದುಡಿಯುವವನಿಗೆ ಕಾಲೇ ಬಂಡವಾಳ. ಸೀಳಿನಿಂದ ನಂಜು ಏರಿದರೆ ಕಾಲು ಬಾತು ಜ್ವರ ಬರುತ್ತದೆ. ಸಿಹಿಮೂತ್ರದವರಿಗಂತೂ ಕಾಲಿಗೇ ಸಂಚಕಾರ.

ಈ ರೋಗ ಬೂಷ್ಟಿನಿಂದ ಬರುವಂಥದು. ಹಳಸಿದ ತಿಂಡಿಯ ಮೇಲೆ ಬೂಷ್ಟು ಹಿಡಿಯುವಂತೆ ಒದ್ದೆ ಚರ್ಮದಲ್ಲೂ ಒಂದು ಬಗೆಯದು ಬೇರೂರುತ್ತದೆ. ಮದ್ದಿಲ್ಲವೇ? ಬೇಕಾದಷ್ಟಿವೆ. ಹಳೆಯದು ವಿಟ್‌ಫೀಲ್ಡ್ ಮುಲಾಮು: ನೂರಕ್ಕೆ 6 ಪಾಲು ಬೆಂಜೋಯಿಕ್ ಆಮ್ಲ, 3 ಪಾಲು ಸ್ಯಾಲಿಸಿಲಿಕ್ ಆಮ್ಲ. ಅಗ್ಗವೇನೋ ಸರಿ, ಆದರೆ ಉರಿಯುತ್ತದೆ, ಸೀಳಿದ ಚರ್ಮಕ್ಕೆ ಸಲ್ಲದು, ವಾರಗಟ್ಟಲೆ ಹಚ್ಚಬೇಕು. ಎರಡನೆಯದು ಕ್ಲೋಟ್ರಿಮಜೋಲ್. ಸುಮಾರು ನಾಲ್ಕು ವಾರ ಬಿಡದೆ ಹಚ್ಚಬೇಕು. ನವೆ ನಿಂತಿತೆಂದು ನಡುವೆ ಬಿಟ್ಟರೆ ರೋಗ ಮರಳುತ್ತದೆ. ಮೂರನೆಯದು ಟರ್ಬಿನಫಿನ್. ಬೆರಳ ಸಂದಿನ ರೋಗಕ್ಕೆ ಸಾಮಾನ್ಯವಾಗಿ ಒಂದು ವಾರ ಸಾಕು. ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಇದರ ಗುಣ ತುಸು ಮೇಲು. ಆದರೆ ಇತ್ತೀಚಿನ ವರ್ಷಗಳಲ್ಲಿ ಇದಕ್ಕೂ ಬಗ್ಗದ ಬೂಷ್ಟು ನಮ್ಮ ದೇಶದಲ್ಲಿ ಹರಡಿದೆ. ಮುಲಾಮಿಗೆ ಬಗ್ಗದಿದ್ದರೆ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿಗೆ ತೋರಿಸಬೇಕು.

ನಮ್ಮ ತರುಣನಿಗೆ ಅಂಗಡಿಯವನು ಕೊಟ್ಟದ್ದು ಈ ಮೂರರಲ್ಲಿ ಒಂದನ್ನೂ ಅಲ್ಲ. ಸ್ಟೀರಾಯ್ಡ್ ಬೆರೆಸಿದ ಟ್ಯೂಬನ್ನು! ಸ್ಟೀರಾಯ್ಡು ನವೆಯನ್ನು ಅಡಗಿಸುತ್ತದೆ. ಜೊತೆಗೆ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಬೂಷ್ಟು ನಿಶ್ಚಿಂತೆಯಿಂದ ಬೆಳೆಯುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಕಟ್ಟುಮಾಡಿತು. ಆದರೆ ಬಡವನ ಕೈಯಲ್ಲಿ ಚೀಟಿ ಇದೆಯೇ ಎಂದು ಕೇಳುವವರಾರು?

ಇನ್ನು ಯಜಮಾನರ ಮಾತು. ಸರಿಯಾದ ಮುಲಾಮನ್ನೇ ಹಚ್ಚಿ ಮತ್ತೆ ಮೋರಿಯ ನೀರಿನಲ್ಲಿ ನಿಂತರೆ ಯಾವ ಮದ್ದು ಗೆದ್ದೀತು? ಕೆಲಸದಿಂದ ನೆಲ ಒದ್ದೆಯಾಗುವಲ್ಲಿ ನೀರು ಹರಿದುಹೋಗುವ ಏರ್ಪಾಡು ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯ 11ನೆಯ ಕಲಮು ವಿಧಿಸಿತ್ತು. ಗಿರಣಿಯವರಿಗೆ ಈ ಮಾತು ಬಲವಾಯಿತು. ಅದೇ ಕಾಯಿದೆ ಹೋಟೆಲು ಕಾರ್ಖಾನೆಯಲ್ಲವೆಂದು ನಮ್ಮನ್ನು ಹೊರಗಿಟ್ಟಿತು! 2020ರ ಹೊಸ ಸಂಹಿತೆಯ ವ್ಯಾಖ್ಯೆಯಲ್ಲೂ ಹೋಟೆಲು ಕಾರ್ಖಾನೆಯಲ್ಲ. ಆದರೂ ಹತ್ತು ಮಂದಿ ದುಡಿಯುವ ಸಂಸ್ಥೆಯಲ್ಲಿ ಕೆಲಸದ ಸ್ಥಳದಿಂದ ರೋಗ ಬಾರದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯವೆಂದು ಆ ಸಂಹಿತೆ ಹೇಳುತ್ತದೆ. ಆ ಮಾತನ್ನು ಹಿಡಿದು ಕೇಳೋಣ.

ನಾವು ಕೇಳುವುದು ಅರಮನೆಯನ್ನಲ್ಲ. ನೀರು ನಿಲ್ಲದ ನೆಲ, ಒಂದು ಒಣಗುವಾಗ ಇನ್ನೊಂದನ್ನು ಹಾಕಲು ಎರಡು ಜೊತೆ ಪಾದರಕ್ಷೆ, ಕಾಲು ಒರೆಸಿಕೊಳ್ಳಲು ಬಿಡುವು, ಮದ್ದಿನ ಖರ್ಚು. ಇಷ್ಟೆ.

ನಮ್ಮ ಪಾಲಿನ ಕೆಲಸವೂ ಇದೆ. ಮಲಗುವ ಕೋಣೆಯಲ್ಲಿ ಒಬ್ಬರ ಟವೆಲು, ಚಪ್ಪಲಿ ಇನ್ನೊಬ್ಬರಿಗೆ ಬೇಡ. ಬೆರಳ ಸಂದುಗಳನ್ನು ಒರೆಸಿ ಒಣಗಿಸಿಯೇ ಮಲಗಬೇಕು. ಗಿರಣಿಯ ಬಂಧುಗಳೇ, ಬೂಟಿನೊಳಗಿನ ಬೆವರೂ ನೀರೇ, ನೀವೂ ಎಚ್ಚರದಿಂದಿರಿ. ಟ್ಯೂಬು ಕೊಳ್ಳುವಾಗ ಅದರ ಮೇಲೆ ಬರೆದ ಹೆಸರನ್ನು ಓದಿಸಿಕೊಳ್ಳಿ. ಸ್ಟೀರಾಯ್ಡು ಇದ್ದರೆ ಅಲ್ಲೇ ಹಿಂದಿರುಗಿಸಿ.

ಗಿರಾಕಿ ಕೂರುವ ಕಡೆ ನೆಲವನ್ನು ಗಳಿಗೆಗೊಮ್ಮೆ ಒರೆಸಿಸುವ ಯಜಮಾನರೇ, ಒಮ್ಮೆ ಹಿಂಬಾಗಿಲಿಗೆ ಬಂದು ನಾವು ನಿಲ್ಲುವ ನೆಲವನ್ನೂ ನೋಡಿ.